ಸುಂಕದ ಕಲಮಿನಲ್ಲಿ ಅಡಗಿದ್ದ ಸಾಮ್ರಾಜ್ಯ

ಬೆಂಗಳೂರಿನ ಶಿವಾಜಿನಗರ ಬಸ್ ನಿಲ್ದಾಣದಲ್ಲಿ ಇಳಿದು ಯಾರನ್ನು ಕೇಳಿದರೂ ಬೌರಿಂಗ್ ಆಸ್ಪತ್ರೆಗೆ ದಾರಿ ತೋರಿಸುತ್ತಾರೆ. ಬಂಗಾರಪೇಟೆಗೂ ಒಂದು ಕಾಲದಲ್ಲಿ ಬೌರಿಂಗ್‌ಪೇಟೆ ಎಂಬ ಹೆಸರಿತ್ತು. ಆ ಬೌರಿಂಗ್, ಅಂದರೆ ಲೆವಿನ್ ಬೆಂಥಮ್ ಬೌರಿಂಗ್, 1862ರಿಂದ 1870ರವರೆಗೆ ಮೈಸೂರು ಸೀಮೆಯನ್ನು ಆಳಿದ ಬ್ರಿಟಿಷ್ ಕಮಿಷನರ್. ಇದು ನಮ್ಮಲ್ಲಿ ಹಲವರಿಗೆ ಗೊತ್ತು. ಅವರ ತಂದೆ ಯಾರು ಎಂಬುದು ಗೊತ್ತಿರುವವರು ಕಡಿಮೆ. ತಂದೆ ಸರ್ ಜಾನ್ ಬೌರಿಂಗ್ ಹಾಂಗ್‌ಕಾಂಗ್‌ನ ಗವರ್ನರ್ ಆಗಿದ್ದವರು. 1855ರ ಏಪ್ರಿಲ್ 18ರಂದು ಬ್ಯಾಂಕಾಕ್‌ನಲ್ಲಿ ಸಯಾಮಿನ, ಅಂದರೆ ಇಂದಿನ ಥಾಯ್ಲೆಂಡಿನ, ಅರಸನೊಂದಿಗೆ ಒಂದು ವ್ಯಾಪಾರ ಒಪ್ಪಂದಕ್ಕೆ ಸಹಿ ಮಾಡಿದವರು. ಬೆಂಗಳೂರಿಗೆ ಬೌರಿಂಗ್ ಎಂದರೆ ಆಸ್ಪತ್ರೆ. ಥಾಯ್ಲೆಂಡಿನ ಇತಿಹಾಸದಲ್ಲಿ ಬೌರಿಂಗ್ ಎಂದರೆ ಆ ಒಪ್ಪಂದ. ಒಂದು ಗುಂಡೂ ಹಾರದೆ ಒಂದು ದೇಶದ ಸುಂಕದ ಕಟ್ಟೆ ಪರರ ಕೈಗೆ ಹೋದದ್ದು ಹೇಗೆ ಎಂಬುದಕ್ಕೆ ಅದಕ್ಕಿಂತ ಸ್ಪಷ್ಟವಾದ ಉದಾಹರಣೆ ಏಷ್ಯಾದಲ್ಲಿ ಇನ್ನೊಂದಿಲ್ಲ.

ಈ ಹಳೆಯ ಕಾಗದವನ್ನು ಈಗ ತೆರೆಯಲು ಕಾರಣವಿದೆ. 2025ರ ಜುಲೈ 24ರಂದು ಭಾರತ ಮತ್ತು ಬ್ರಿಟನ್ ಸಮಗ್ರ ಆರ್ಥಿಕ ಮತ್ತು ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಿದವು. ಮರುದಿನ ನಮ್ಮಲ್ಲಿ ನಡೆದ ಚರ್ಚೆ ಎರಡು ಮಾತುಗಳಲ್ಲಿ ಮುಗಿದುಹೋಯಿತು. ಸ್ಕಾಚ್ ವಿಸ್ಕಿಯ ಮೇಲಿನ ಸುಂಕ ಶೇ 150ರಿಂದ ಶೇ 75ಕ್ಕೆ, ಹತ್ತು ವರ್ಷಗಳಲ್ಲಿ ಶೇ 40ಕ್ಕೆ ಇಳಿಯುತ್ತದೆ ಎಂಬ ಸಂಭ್ರಮ ಒಂದು ಕಡೆ. ಈಸ್ಟ್ ಇಂಡಿಯಾ ಕಂಪನಿ ಮತ್ತೆ ಬಂತು ಎಂಬ ಕೂಗು ಇನ್ನೊಂದು ಕಡೆ. ಎರಡೂ ನನಗೆ ನೋವುಂಟುಮಾಡಿದವು. ಮೊದಲನೆಯದು ಒಪ್ಪಂದವನ್ನು ಬೆಲೆಪಟ್ಟಿ ಎಂದು ತಿಳಿಯುತ್ತದೆ. ಎರಡನೆಯದು ಕಂಪನಿ ಬೆಳೆದ ಬಗೆಯನ್ನು ಓದದೆಯೇ ಅದರ ಹೆಸರನ್ನು ಎತ್ತುತ್ತದೆ. ವ್ಯಾಪಾರಕ್ಕೆ ಬಂದವರು ರಾಜ್ಯ ಕಟ್ಟಿದರು ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ. ಆದರೆ ವ್ಯಾಪಾರ ರಾಜ್ಯವಾಗಿ ಬದಲಾದ ಗಳಿಗೆ ಯಾವುದು? ಸರಕು ಹಡಗಿಗೆ ಏರಿದಾಗಲೂ ಅದು ಆಗಲಿಲ್ಲ, ತೋಪು ಇಳಿದಾಗಲೂ ಪೂರ್ತಿಯಾಗಿ ಆಗಲಿಲ್ಲ. ಸ್ಥಳೀಯ ವರ್ತಕ ಕಟ್ಟುವ ಸುಂಕವನ್ನು ಪರದೇಶದ ವರ್ತಕ ಕಟ್ಟಬೇಕಿಲ್ಲ, ಸ್ಥಳೀಯ ನ್ಯಾಯಸ್ಥಾನಕ್ಕೆ ಅವನು ಉತ್ತರ ಕೊಡಬೇಕಿಲ್ಲ ಎಂದು ಯಾರೋ ಒಬ್ಬ ಅರಸ ಬರೆದುಕೊಟ್ಟಾಗ ಆಯಿತು.

ಕಂಪನಿಯ ಮೊದಲ ನೂರೈವತ್ತು ವರ್ಷಗಳನ್ನು ನೋಡಿದರೆ ಇದು ತಿಳಿಯುತ್ತದೆ. 1600ರ ಡಿಸೆಂಬರ್ 31ರಂದು ರಾಣಿ ಎಲಿಜಬೆತ್ ಸನ್ನದು ಕೊಟ್ಟಾಗ ಲಂಡನ್ನಿನ ಆ ವರ್ತಕರಿಗೆ ಬೇಕಿದ್ದದ್ದು ಮೆಣಸು, ಲವಂಗ, ಜಾಯಿಕಾಯಿ. ಅವರ ಮೊದಲ ಹಡಗುಗಳು ಹೋದದ್ದು ಸುಮಾತ್ರಾ, ಜಾವಾ ಕಡೆಗೆ. ಅಲ್ಲಿ ಡಚ್ಚರ ಮುಂದೆ ನಿಲ್ಲಲಾಗದೆ ಭಾರತದ ಕರಾವಳಿಯ ಬಟ್ಟೆಯ ಕಡೆಗೆ ತಿರುಗಿದರು. ಜಹಾಂಗೀರನ ಆಸ್ಥಾನಕ್ಕೆ ರಾಯಭಾರಿಯಾಗಿ ಬಂದ ಸರ್ ಥಾಮಸ್ ರೋ ತನ್ನವರಿಗೆ ಬರೆದ ಬುದ್ಧಿಮಾತು ಸರಳವಾಗಿತ್ತು: ಕೋಟೆ, ಸೈನ್ಯ ಎಂದು ಹಣ ಸುರಿಯಬೇಡಿ, ಲಾಭ ಬೇಕಿದ್ದರೆ ಸಮುದ್ರದಲ್ಲಿ, ಶಾಂತ ವ್ಯಾಪಾರದಲ್ಲಿ ಹುಡುಕಿ. ನಮ್ಮ ಕಾರವಾರದಲ್ಲಿ 1638ರ ಹೊತ್ತಿಗೆ ಇಂಗ್ಲಿಷರ ಒಂದು ಕೋಠಿ, ಅಂದರೆ ವ್ಯಾಪಾರದ ಮಳಿಗೆ, ಇತ್ತು. ಘಟ್ಟದ ಮೆಣಸು, ಘಟ್ಟದ ಮೇಲಿನ ನೇಕಾರರ ಬಟ್ಟೆ ಅಲ್ಲಿಂದ ಹೋಗುತ್ತಿತ್ತು. ಮರುವರ್ಷ ಮದರಾಸಿನ ಜಾಗ ಸಿಕ್ಕಿದ್ದು ವಿಜಯನಗರದ ಅರವೀಡು ಅರಸರ ಅಧೀನದಲ್ಲಿದ್ದ ದಾಮರ್ಲ ನಾಯಕನಿಂದ. ಬಾಡಿಗೆದಾರರಾಗಿ ಬಂದವರು ಬಾಡಿಗೆದಾರರಾಗಿಯೇ ಇದ್ದರು. ಬಟ್ಟೆಗೆ ಬದಲಾಗಿ ಕೊಡಲು ಅವರ ಬಳಿ ನಮಗೆ ಬೇಕಾದ ಸರಕು ಇರಲಿಲ್ಲವಾದ್ದರಿಂದ ಹಡಗು ತುಂಬ ಬೆಳ್ಳಿ ತರುತ್ತಿದ್ದರು.

ಒಮ್ಮೆ ಅವರು ಕತ್ತಿ ಎತ್ತಿಯೂ ನೋಡಿದರು. 1686ರಲ್ಲಿ ಕಂಪನಿಯ ಮುಖ್ಯಸ್ಥ ಜೋಸಾಯ ಚೈಲ್ಡ್ ಮೊಗಲರ ಮೇಲೆ ಯುದ್ಧಕ್ಕೆ ಹಡಗು ಕಳಿಸಿದ. ಬಂಗಾಳದಲ್ಲಿ ಓಡಬೇಕಾಯಿತು. ಮುಂಬಯಿಯನ್ನು ಸಿದ್ದಿ ಯಾಕೂಬ್ ಖಾನ್ ಮುತ್ತಿದ. 1690ರಲ್ಲಿ ಕಂಪನಿಯ ದೂತರು ಔರಂಗಜೇಬನ ಮುಂದೆ ತಲೆಬಾಗಿ, ಒಂದೂವರೆ ಲಕ್ಷ ರೂಪಾಯಿ ದಂಡ ಕಟ್ಟಿ, ವ್ಯಾಪಾರದ ಅಪ್ಪಣೆಯನ್ನು ಮರಳಿ ಬೇಡಿ ಪಡೆದರು. ಈ ಸೋಲನ್ನು ನಮ್ಮ ಪಠ್ಯಗಳು ಒಂದು ಸಾಲಿನಲ್ಲಿ ದಾಟಿಬಿಡುತ್ತವೆ. ಕತ್ತಿಯೊಂದರಿಂದಲೇ ಸಾಮ್ರಾಜ್ಯ ಬಂದಿದ್ದರೆ ಅದು ಅಂದೇ ಮುಗಿಯಬೇಕಿತ್ತು.

ಇಪ್ಪತ್ತೇಳು ವರ್ಷಗಳ ನಂತರ, 1717ರಲ್ಲಿ, ಅದೇ ಕಂಪನಿಗೆ ದೆಹಲಿಯಿಂದ ಒಂದು ಫರ್ಮಾನು ಸಿಕ್ಕಿತು. ಬಾದಶಹ ಫರೂಕ್‌ಸಿಯಾರನ ಕಾಯಿಲೆಯನ್ನು ಕಂಪನಿಯ ವೈದ್ಯ ವಿಲಿಯಂ ಹ್ಯಾಮಿಲ್ಟನ್ ಗುಣಪಡಿಸಿದ್ದನೆಂಬ ಕೃತಜ್ಞತೆಯೂ ಅದರಲ್ಲಿ ಸೇರಿತ್ತು. ವರ್ಷಕ್ಕೆ 3,000 ರೂಪಾಯಿ ಕಟ್ಟಿದರೆ ಬಂಗಾಳದಲ್ಲಿ ಕಂಪನಿಯ ಆಮದು ರಫ್ತಿಗೆ ಬೇರೆ ಸುಂಕವಿಲ್ಲ. ಕಂಪನಿಯ ಅಧಿಕಾರಿ ಸಹಿ ಮಾಡಿದ ದಸ್ತಕ್ ಎಂಬ ರಹದಾರಿ ಚೀಟಿ ತೋರಿಸಿದರೆ ಯಾವ ಸುಂಕದ ಚೌಕಿಯೂ ದೋಣಿಯನ್ನು ತಡೆಯುವಂತಿಲ್ಲ. ಕೊಟ್ಟವನು ಕೋಡಂಗಿ, ಇಸಕೊಂಡವನು ವೀರಭದ್ರ ಎಂಬ ನಮ್ಮ ಗಾದೆಗೆ ಇದಕ್ಕಿಂತ ದುಬಾರಿ ಉದಾಹರಣೆ ನನಗೆ ಕಂಡಿಲ್ಲ.

ಆ ದಸ್ತಕ್ ಚೀಟಿಯ ಹತ್ತಿರ ಸ್ವಲ್ಪ ಹೊತ್ತು ನಿಲ್ಲೋಣ. ಗಂಗೆಯ ಒಂದು ಚೌಕಿಯಲ್ಲಿ ಎರಡು ದೋಣಿಗಳು ನಿಂತಿವೆ ಎಂದುಕೊಳ್ಳಿ. ಎರಡರಲ್ಲೂ ಅದೇ ಉಪ್ಪು, ಅದೇ ಅಡಿಕೆ, ಅದೇ ಹೊಗೆಸೊಪ್ಪು. ಬಂಗಾಳಿ ವರ್ತಕ ಸುಂಕ ಎಣಿಸಿ ಕೊಡುತ್ತಾನೆ. ಮುಂದಿನ ಚೌಕಿಯಲ್ಲಿ ಮತ್ತೆ ಕೊಡುತ್ತಾನೆ. ಸುಂಕದವರ ಮುಂದೆ ಸುಖದುಃಖ ಹೇಳಿ ಪ್ರಯೋಜನವಿಲ್ಲ ಎಂಬುದು ಅವನಿಗೂ ಗೊತ್ತು. ಇನ್ನೊಂದು ದೋಣಿಯ ಗುಮಾಸ್ತ ಒಂದು ಚೀಟಿ ತೋರಿಸಿ ಹೊರಟುಹೋಗುತ್ತಾನೆ. ಫರ್ಮಾನು ಕೊಟ್ಟದ್ದು ಕಂಪನಿಯ ವಿದೇಶ ವ್ಯಾಪಾರಕ್ಕೆ. ಆದರೆ ಕಂಪನಿಯ ನೌಕರರು ಖಾಸಗಿಯಾಗಿ ನಡೆಸುತ್ತಿದ್ದ ಒಳನಾಡಿನ ವ್ಯಾಪಾರಕ್ಕೂ ಅದೇ ಚೀಟಿಯನ್ನು ಬಳಸಿದರು, ದುಡ್ಡು ಪಡೆದು ಬೇರೆಯವರಿಗೂ ಮಾರಿದರು. ಮುರ್ಷಿದ್ ಕುಲಿ ಖಾನನಿಂದ ಸಿರಾಜುದ್ದೌಲನವರೆಗೆ ಪ್ರತಿಯೊಬ್ಬ ನವಾಬನೂ ಜಗಳ ತೆಗೆದದ್ದು ಈ ಚೀಟಿಯ ಮೇಲೆಯೇ. ಇಂದು ಗುಮಾಸ್ತ ಎಂದರೆ ನಮಗೆ ಕಚೇರಿಯ ಮೂಲೆಯಲ್ಲಿ ಕೂತ ಪಾಪದ ಮನುಷ್ಯ. ಹದಿನೆಂಟನೆಯ ಶತಮಾನದ ಬಂಗಾಳದಲ್ಲಿ ಆ ಪದ ಕೇಳಿದರೆ ನೇಕಾರರ ಕೇರಿ ನಡುಗುತ್ತಿತ್ತು.

1757ರ ಪ್ಲಾಸಿ ಎಲ್ಲರಿಗೂ ನೆನಪಿದೆ. ನನ್ನ ಮಟ್ಟಿಗೆ ಅದಕ್ಕಿಂತ ಮುಖ್ಯವಾದದ್ದು 1763. ಆಗ ನವಾಬನಾಗಿದ್ದವನು ಮೀರ್ ಕಾಸಿಂ, ಕಂಪನಿಯೇ ಪೀಠಕ್ಕೇರಿಸಿದವನು. ಅವನು ಮೊದಲು ಒಂದು ರಾಜಿಗೆ ಒಪ್ಪಿದ್ದ: ಇಂಗ್ಲಿಷರ ಖಾಸಗಿ ವ್ಯಾಪಾರಕ್ಕೆ ಶೇ 9ರ ಸುಂಕ. ಗವರ್ನರ್ ವ್ಯಾನ್ಸಿಟಾರ್ಟ್ ಒಪ್ಪಿಬಂದ ಈ ರಾಜಿಯನ್ನು ಕಲ್ಕತ್ತೆಯ ಕೌನ್ಸಿಲ್ ತಿರಸ್ಕರಿಸಿತು. ಉಪ್ಪಿಗೆ ಮಾತ್ರ ಶೇ 2.5 ಕೊಡುತ್ತೇವೆ ಎಂದಿತು. ಆಗ ಮೀರ್ ಕಾಸಿಂ ಮಾಡಿದ ಕೆಲಸ ಅದ್ಭುತವಾದದ್ದು. ಇಂಗ್ಲಿಷರಿಗೆ ಸುಂಕವಿಲ್ಲದಿದ್ದರೆ ನನ್ನ ಪ್ರಜೆಗಳಿಗೂ ಬೇಡ ಎಂದು ಎಲ್ಲರಿಗೂ ಒಳನಾಡಿನ ಸುಂಕವನ್ನು ರದ್ದು ಮಾಡಿಬಿಟ್ಟ. ತನ್ನ ಬೊಕ್ಕಸಕ್ಕೆ ತಾನೇ ನಷ್ಟ ತಂದುಕೊಂಡು ವರ್ತಕರನ್ನು ಸಮಾನರನ್ನಾಗಿ ಮಾಡಿದ. ಮುಕ್ತ ವ್ಯಾಪಾರ ಎಂಬ ಪದಕ್ಕೆ ಇದಕ್ಕಿಂತ ನೇರವಾದ ಅರ್ಥ ಇರಲಾರದು. ಕಂಪನಿ ಅದನ್ನು ಸಹಿಸಲಿಲ್ಲ, ಯುದ್ಧ ಸಾರಿತು. 1764ರ ಅಕ್ಟೋಬರಿನಲ್ಲಿ ಬಕ್ಸಾರಿನಲ್ಲಿ ಗೆದ್ದಿತು. ಕಂಪನಿಗೆ ಬೇಕಿದ್ದದ್ದು ತನಗೆ ಸುಂಕವಿಲ್ಲದಿರುವುದಷ್ಟೇ ಆಗಿರಲಿಲ್ಲ. ಪಕ್ಕದವನಿಗೆ ಇರಲೇಬೇಕು ಎಂಬುದೂ ಬೇಕಿತ್ತು. ಈ ಒಂದು ಪ್ರಸಂಗ ತಿಳಿದವರಿಗೆ ಮುಂದಿನ ನೂರು ವರ್ಷದ ಏಷ್ಯಾದ ಇತಿಹಾಸ ಬೇಗ ಅರ್ಥವಾಗುತ್ತದೆ.

1765ರ ಆಗಸ್ಟ್ 12ರಂದು ಬಾದಶಹ ಷಾ ಆಲಂ ಬಂಗಾಳ, ಬಿಹಾರ, ಒರಿಸ್ಸಾಗಳ ದಿವಾನಿಯನ್ನು, ಅಂದರೆ ಕಂದಾಯ ಎತ್ತುವ ಹಕ್ಕನ್ನು, ವರ್ಷಕ್ಕೆ 26 ಲಕ್ಷ ರೂಪಾಯಿಯ ಮಾತಿಗೆ ಕ್ಲೈವನ ಕೈಗಿಟ್ಟ. ಅಂದಿನಿಂದ ಇಂಗ್ಲೆಂಡಿನಿಂದ ಬಂಗಾಳಕ್ಕೆ ಬೆಳ್ಳಿ ಬರುವುದು ಬಹುಮಟ್ಟಿಗೆ ನಿಂತಿತು. ಏಕೆ ಬರಬೇಕು? ರೈತನಿಂದ ಕಂದಾಯ ಎತ್ತು, ಅದೇ ಹಣದಲ್ಲಿ ನೇಕಾರನಿಂದ ಬಟ್ಟೆ ಕೊಳ್ಳು, ಲಂಡನ್ನಿನಲ್ಲಿ ಮಾರು. ಕಂಪನಿಯ ಲೆಕ್ಕದ ಪುಸ್ತಕದಲ್ಲಿ ಈ ಖರೀದಿಗೆ ಇದ್ದ ಹೆಸರು ‘ಇನ್ವೆಸ್ಟ್‌ಮೆಂಟ್’. ನಮ್ಮ ಹಣದಿಂದ ನಮ್ಮದೇ ಸರಕನ್ನು ಕೊಂಡು ಒಯ್ಯುವುದಕ್ಕೆ ಹೂಡಿಕೆ ಎಂಬ ಹೆಸರು! ವ್ಯಾಪಾರ ಎಂಬ ಕೊಡುಕೊಳ್ಳುವಿಕೆ ನಿಂತುಹೋದ ದಿನ ಅದು. ನೇಕಾರನಿಗೆ ಗುಮಾಸ್ತ ದಾದನಿ ಎಂಬ ಮುಂಗಡ ಕೊಡುತ್ತಿದ್ದ. ಮುಂಗಡ ಮುಟ್ಟಿದ ಮಗ್ಗ ಮತ್ತೊಬ್ಬರಿಗೆ ನೇಯುವಂತಿಲ್ಲ. ಬೆಲೆ ಕಟ್ಟುವವನು ಗುಮಾಸ್ತ, ಬಟ್ಟೆ ಕಳಪೆ ಎನ್ನುವವನೂ ಗುಮಾಸ್ತ, ತೀರಿಸಲಾಗದವನ ಮನೆಗೆ ಪೇದೆಯನ್ನು ಕೂರಿಸುವವನೂ ಗುಮಾಸ್ತ.

ಐದು ವರ್ಷ ಕಳೆಯುವುದರೊಳಗೆ, 1770ರಲ್ಲಿ, ಬಂಗಾಳಕ್ಕೆ ಕ್ಷಾಮ ಬಡಿಯಿತು. ವಾರನ್ ಹೇಸ್ಟಿಂಗ್ಸ್ 1772ರ ನವೆಂಬರಿನಲ್ಲಿ ಲಂಡನ್ನಿಗೆ ಕಳಿಸಿದ ವರದಿ, ಜನರಲ್ಲಿ ಕನಿಷ್ಠ ಮೂರನೇ ಒಂದು ಪಾಲು ಸತ್ತರೆಂದು ಹೇಳುತ್ತದೆ. 1771ರ ಕಂದಾಯ ವಸೂಲಿ 1768ರದ್ದಕ್ಕಿಂತಲೂ ಹೆಚ್ಚಾಯಿತೆಂದೂ, ಬಲಾತ್ಕಾರದಿಂದ ಅದನ್ನು ಹಳೆಯ ಮಟ್ಟದಲ್ಲಿ ಉಳಿಸಲಾಯಿತೆಂದೂ ಅದೇ ವರದಿ ಹೇಳುತ್ತದೆ. ಈ ಎರಡು ವಾಕ್ಯಗಳನ್ನು ಒಟ್ಟಿಗೆ ಓದಿದಾಗಲೆಲ್ಲ ನನಗೆ ಮುಂದೆ ಓದಲು ಸ್ವಲ್ಪ ಹೊತ್ತು ಬೇಕಾಗುತ್ತದೆ.

ಇಲ್ಲಿಂದ ಕಥೆ ಚೀನಾಕ್ಕೆ ಸಾಗುತ್ತದೆ, ಸಾಗಿಸಿದ್ದು ಚಹಾ. ಇಂಗ್ಲೆಂಡಿಗೆ ಚಹಾದ ಹುಚ್ಚು ಹಿಡಿದಿತ್ತು. ಚಹಾ ಬೆಳೆಯುತ್ತಿದ್ದುದು ಚೀನಾದಲ್ಲಿ. ಚೀನಾದವರು ಬೆಳ್ಳಿಯನ್ನು ಬಿಟ್ಟು ಬೇರೇನನ್ನೂ ದೊಡ್ಡ ಪ್ರಮಾಣದಲ್ಲಿ ಕೊಳ್ಳುತ್ತಿರಲಿಲ್ಲ. ಬೆಳ್ಳಿಗೆ ಬದಲಾಗಿ ಕಂಪನಿಗೆ ಸಿಕ್ಕ ಸರಕು ಅಫೀಮು. 1773ರಲ್ಲಿ ಬಂಗಾಳ, ಬಿಹಾರದ ಅಫೀಮಿನ ಮೇಲೆ ಏಕಸ್ವಾಮ್ಯ ಘೋಷಿಸಿತು. ಪಟ್ನಾ ಮತ್ತು ಗಾಜಿಪುರದಲ್ಲಿ ಕಾರ್ಖಾನೆಗಳೆದ್ದವು. ಗಾಜಿಪುರದ್ದು ಇಂದಿಗೂ ಔಷಧಕ್ಕಾಗಿ ಕೇಂದ್ರ ಸರ್ಕಾರದ ಕೈಯಲ್ಲಿ ನಡೆಯುತ್ತಿದೆ. ಗಸಗಸೆ ಹೂವಿನ ಎಸಳುಗಳನ್ನು ಆಯ್ದು, ಬಿಸಿ ಕಾವಲಿಯ ಮೇಲೆ ಒತ್ತಿ, ರೊಟ್ಟಿಯಂತೆ ತೆಳ್ಳಗೆ ಮಾಡುತ್ತಿದ್ದರು. ಆ ಹೂರೊಟ್ಟಿಗಳಲ್ಲಿ ಅಫೀಮನ್ನು ಪದರಪದರವಾಗಿ ಸುತ್ತಿ ತೋಪಿನ ಗುಂಡಿನ ಗಾತ್ರದ ಉಂಡೆ ಮಾಡಿ ಒಣಗಿಸುತ್ತಿದ್ದರು. ಒಂದು ಪೆಟ್ಟಿಗೆಗೆ 40 ಉಂಡೆ. ರೈತನಿಗೆ ಇಲ್ಲಿಯೂ ಮುಂಗಡ, ಇಲ್ಲಿಯೂ ಸರ್ಕಾರ ಕಟ್ಟಿದ್ದೇ ಬೆಲೆ.

ಚೀನಾದಲ್ಲಿ ಅಫೀಮು ನಿಷಿದ್ಧವಾಗಿತ್ತು. ಹಾಗಾಗಿ ಕಂಪನಿ ಸಾಮಾನ್ಯವಾಗಿ ತನ್ನ ಹಡಗಿನಲ್ಲಿ ಅದನ್ನು ಒಯ್ಯುತ್ತಿರಲಿಲ್ಲ. ಕಲ್ಕತ್ತೆಯಲ್ಲಿ ಹರಾಜು ಹಾಕಿತು, ಖಾಸಗಿ ವರ್ತಕರು ಕೊಂಡು ಕ್ಯಾಂಟನ್ ಬಳಿಯ ದ್ವೀಪಗಳಿಗೆ ಒಯ್ದು ಕಳ್ಳಸಾಗಣೆದಾರರಿಗೆ ಮಾರಿದರು. ಬಂದ ಬೆಳ್ಳಿಯನ್ನು ಕ್ಯಾಂಟನ್ನಿನಲ್ಲಿದ್ದ ಕಂಪನಿಯ ಖಜಾನೆಗೆ ಕಟ್ಟಿ ಲಂಡನ್ ಮೇಲಿನ ಹುಂಡಿ, ಅಂದರೆ ಅಲ್ಲಿ ಹಣ ಪಡೆಯುವ ಪತ್ರ, ಪಡೆದರು. ಕಂಪನಿ ಆ ಬೆಳ್ಳಿಯಲ್ಲೇ ಚಹಾ ಕೊಂಡಿತು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ವರ್ಷಕ್ಕೆ ನಾಲ್ಕೈದು ಸಾವಿರ ಪೆಟ್ಟಿಗೆಯಿದ್ದ ಸಾಗಣೆ 1830ರ ದಶಕದ ಕೊನೆಗೆ 40 ಸಾವಿರದ ಹತ್ತಿರಕ್ಕೆ ಬಂತು. ಈ ಲಾಭದಲ್ಲಿ ಮುಂಬಯಿಯ ನಮ್ಮ ವರ್ತಕರೂ ಪಾಲುದಾರರಾಗಿದ್ದರು ಎಂಬುದನ್ನು ಮರೆಮಾಚಬಾರದು. ಮಾಳವದ ಅಫೀಮು ಮುಂಬಯಿ ಬಂದರಿನಿಂದಲೇ ಹೋಗುತ್ತಿತ್ತು, ಆ ನಗರದ ಹಲವು ದೊಡ್ಡ ದಾನಧರ್ಮಗಳ ಹಿಂದೆ ಆ ಹಣವಿತ್ತು.

1839ರ ಜೂನಿನಲ್ಲಿ ಚಕ್ರವರ್ತಿಯ ಆಯುಕ್ತ ಲಿನ್ ಜೆಶು ವಿದೇಶಿ ವರ್ತಕರಿಂದ ವಶಪಡಿಸಿಕೊಂಡ 20 ಸಾವಿರಕ್ಕೂ ಹೆಚ್ಚು ಪೆಟ್ಟಿಗೆಗಳನ್ನು ಹ್ಯೂಮೆನ್ ಎಂಬಲ್ಲಿ ಹೊಂಡ ತೋಡಿಸಿ, ಉಪ್ಪು ಸುಣ್ಣ ಬೆರೆಸಿ, ಸಮುದ್ರಕ್ಕೆ ಹರಿಸಿದ. ತನ್ನ ನೆಲದ ಕಾನೂನನ್ನು ತಾನು ಜಾರಿ ಮಾಡಿದ, ಅಷ್ಟೇ. ಬ್ರಿಟಿಷ್ ಸಂಸತ್ತಿನಲ್ಲಿ ಯುದ್ಧದ ವಿರುದ್ಧ ಬಂದ ಗೊತ್ತುವಳಿ ಬರೀ 9 ಮತಗಳಿಂದ ಬಿದ್ದುಹೋಯಿತು. ಯುದ್ಧಕ್ಕೆ ಹೋದವರಲ್ಲಿ ಮದರಾಸ್ ಸೈನ್ಯದ ಸಿಪಾಯಿಗಳೂ ಇದ್ದರು. 1842ರ ನಾನ್‌ಜಿಂಗ್ ಒಪ್ಪಂದದಲ್ಲಿ ಹಾಂಗ್‌ಕಾಂಗ್ ದ್ವೀಪ ಹೋಯಿತು, ಐದು ಬಂದರು ತೆರೆದವು, 2.1 ಕೋಟಿ ಬೆಳ್ಳಿ ಡಾಲರ್ ದಂಡ ಬಿತ್ತು. ಅದರಲ್ಲಿ 60 ಲಕ್ಷ, ನಾಶವಾದ ಅಫೀಮಿನ ಬೆಲೆ. ಪಠ್ಯಗಳು ಇಲ್ಲಿಗೆ ನಿಲ್ಲುತ್ತವೆ. ನಿಜವಾದ ಹೊಡೆತ ಮರುವರ್ಷದ ಪೂರಕ ಒಪ್ಪಂದದಲ್ಲಿತ್ತು. ಚೀನಾ ತನ್ನ ಆಮದು ಸುಂಕವನ್ನು ತಾನಾಗಿಯೇ ಏರಿಸುವಂತಿಲ್ಲ, ಅದು ಸುಮಾರು ಶೇ 5ಕ್ಕೆ ನಿಂತಿತು. ಚೀನಾದ ನೆಲದಲ್ಲಿ ತಪ್ಪು ಮಾಡಿದ ಬ್ರಿಟಿಷನನ್ನು ವಿಚಾರಿಸುವವನು ಅಲ್ಲಿದ್ದ ಬ್ರಿಟಿಷ್ ಸರ್ಕಾರದ ಪ್ರತಿನಿಧಿ, ಅಂದರೆ ಕಾನ್ಸಲ್. ಬೇರೆ ಯಾವ ದೇಶಕ್ಕೆ ಏನು ರಿಯಾಯಿತಿ ಕೊಟ್ಟರೂ ಅದು ಬ್ರಿಟನ್ನಿಗೂ ತಾನಾಗಿ ಸಲ್ಲಬೇಕು. ಇಂದು ಬೀಜಿಂಗ್ ಯಾವ ವ್ಯಾಪಾರ ಮಾತುಕತೆಗೆ ಕೂತರೂ ‘ಅವಮಾನದ ಶತಮಾನ’ ಎಂಬ ಮಾತು ಎದ್ದು ಬರುವುದಕ್ಕೆ ಮೂಲ ಈ ಕಲಮುಗಳು.

ಈಗ ಬೌರಿಂಗ್ ಅವರ ಬಳಿಗೆ ಮರಳಬಹುದು. ಸಯಾಮಿನ ಅರಸ ಮೊಂಗ್‌ಕುಟ್ ಓದಿಕೊಂಡವನು, ಇಂಗ್ಲಿಷ್ ಬಲ್ಲವನು. ಚೀನಾಕ್ಕೆ ಏನಾಯಿತು, ಪಕ್ಕದ ಬರ್ಮಾ 1852ರಲ್ಲಿ ತನ್ನ ಕರಾವಳಿಯನ್ನೆಲ್ಲ ಕಳೆದುಕೊಂಡದ್ದು ಹೇಗೆ ಎಂಬುದನ್ನು ಕಣ್ಣಾರೆ ಕಂಡಿದ್ದ. ಆದ್ದರಿಂದ ಬೌರಿಂಗ್ ಬಂದಾಗ ತಿಂಗಳೊಳಗೆ ಸಹಿ ಬಿತ್ತು. ಆಮದು ಸುಂಕ ಶೇ 3. ಅಫೀಮಿಗೆ ಅದೂ ಇಲ್ಲ. ಬ್ರಿಟಿಷ್ ಪ್ರಜೆಗಳ ಮೇಲಿನ ಮೊಕದ್ದಮೆ ಬ್ರಿಟಿಷ್ ಕಾನ್ಸಲ್ ಮುಂದೆ. ಒಪ್ಪಂದಕ್ಕೆ ಮುಕ್ತಾಯದ ದಿನಾಂಕವೇ ಇರಲಿಲ್ಲ. ನೆಲ ಉಳಿಯಿತು, ಅರಸ ಉಳಿದ. ಸುಂಕ ಕಟ್ಟುವ ಹಕ್ಕು ಮತ್ತು ತನ್ನ ನೆಲದಲ್ಲಿ ಎಲ್ಲರನ್ನೂ ವಿಚಾರಿಸುವ ಹಕ್ಕು ಹೋಯಿತು. ಮೊಂಗ್‌ಕುಟ್ ತಪ್ಪು ಮಾಡಿದ ಎಂದು ಹೇಳಲು ನನಗೆ ಮನಸ್ಸು ಬರುವುದಿಲ್ಲ. ಮರುವರ್ಷ ಇದೇ ಬೌರಿಂಗ್, ಚೀನಾದವರು ಹಡಗೊಂದರ ಬ್ರಿಟಿಷ್ ಬಾವುಟ ಇಳಿಸಿದರೆಂಬ ಕಾರಣಕ್ಕೆ ಕ್ಯಾಂಟನ್ ನಗರದ ಮೇಲೆ ಗುಂಡಿನ ಮಳೆಗೆ ಒಪ್ಪಿಗೆ ಕೊಟ್ಟರು. ಎರಡನೆಯ ಅಫೀಮು ಯುದ್ಧ ಶುರುವಾದದ್ದು ಹಾಗೆ.

ಮಗ ಬೆಂಗಳೂರಿಗೆ ಬಂದದ್ದಕ್ಕೂ ಒಂದು ಕಲಮೇ ಕಾರಣ. ಟಿಪ್ಪು ಸುಲ್ತಾನ್ ಕಂಪನಿಯ ಗುಟ್ಟನ್ನು ವ್ಯಾಪಾರದ ಕಡೆಯಿಂದಲೇ ಹಿಡಿದವನು. ಮೆಣಸು, ಶ್ರೀಗಂಧ, ಏಲಕ್ಕಿಯನ್ನು ಸರ್ಕಾರದ ಕೈಗೆ ತೆಗೆದುಕೊಂಡು ಇಂಗ್ಲಿಷರಿಗೆ ಮಾರುವುದನ್ನು ನಿಲ್ಲಿಸಿದ. ಮಸ್ಕತ್‌ನಲ್ಲಿ ತನ್ನದೇ ಕೋಠಿ ಇಟ್ಟ. ತಲಚೇರಿಯ ಇಂಗ್ಲಿಷ್ ಕೋಠಿ ಮೆಣಸಿಲ್ಲದೆ ಒಣಗಿತು. 1792ರಲ್ಲಿ ಸೋತಾಗ ಅವನಿಂದ ಕಿತ್ತುಕೊಂಡ ಅರ್ಧ ರಾಜ್ಯದಲ್ಲಿ ಕಂಪನಿ ತನ್ನ ಪಾಲಿಗೆ ಆರಿಸಿಕೊಂಡ ಸೀಮೆಗಳಲ್ಲಿ ಮಲಬಾರ್ ಮತ್ತು ಕೊಡಗು ಇದ್ದವು, ಮೆಣಸು ಏಲಕ್ಕಿಯ ಸೀಮೆಗಳು. 1799ರ ನಂತರ ಒಡೆಯರಿಗೆ ಮರಳಿ ಬಂದ ಮೈಸೂರು, ಕಂಪನಿಯ ಸೈನ್ಯವನ್ನು ಸಾಕಲು ವರ್ಷಕ್ಕೆ 7 ಲಕ್ಷ ವರಾಹ ಪೊಗದಿ ಕಟ್ಟಬೇಕಾಯಿತು. ಪೊಗದಿಗೆ ಅಪಾಯವಿದೆ ಎಂದು ಗವರ್ನರ್ ಜನರಲ್‌ಗೆ ಅನ್ನಿಸಿದರೆ ಆಡಳಿತ ತೆಗೆದುಕೊಳ್ಳಬಹುದು ಎಂಬ ಕಲಮು ಆ ಒಪ್ಪಂದದೊಳಗೆ ಕೂತಿತ್ತು. ಅಷ್ಟು ಹಣ ಹೊಂದಿಸಲು ರೈತನನ್ನು ಹಿಂಡಬೇಕು. ಹಿಂಡಿದಾಗ 1830ರಲ್ಲಿ ನಗರ (ಬಿದನೂರು) ಸೀಮೆ ದಂಗೆ ಎದ್ದಿತು. ದಂಗೆಯೇ ನೆಪವಾಗಿ 1831ರಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಆ ಕಲಮನ್ನು ಬಳಸಿದ. ಐವತ್ತು ವರ್ಷದ ಕಮಿಷನರ್ ಆಳ್ವಿಕೆ ಹೀಗೆ ಬಂತು, ಬೌರಿಂಗ್ ಹೀಗೆ ಬಂದರು. ಅವರು ಒಳ್ಳೆಯ ಆಡಳಿತಗಾರರಾಗಿದ್ದರು ಎಂಬುದರಲ್ಲಿ ನನಗೆ ತಕರಾರಿಲ್ಲ. ಆಸ್ಪತ್ರೆಯ ಋಣ ದೊಡ್ಡದು.

ಉತ್ತರ ಕನ್ನಡದವರಿಗೆ ಇನ್ನೊಂದು ಮಾತು ಹೇಳಬೇಕು. 1862ರಲ್ಲಿ ಕೆನರಾ ಜಿಲ್ಲೆ ಒಡೆದು ಉತ್ತರ ಭಾಗ ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿದ್ದರ ಹಿಂದೆ, ಧಾರವಾಡದ ಹತ್ತಿಯನ್ನು ಕಾರವಾರ ಬಂದರಿನಿಂದ ಸಾಗಿಸಬೇಕೆಂಬ ಮ್ಯಾಂಚೆಸ್ಟರ್ ಮತ್ತು ಮುಂಬಯಿ ವರ್ತಕರ ಒತ್ತಾಯವಿತ್ತು. ಅಮೆರಿಕದ ಅಂತರ್ಯುದ್ಧದಿಂದ ಅವರ ಗಿರಣಿಗಳಿಗೆ ಹತ್ತಿ ನಿಂತುಹೋಗಿತ್ತು. ನಮ್ಮ ಜಿಲ್ಲೆಯ ಗಡಿಯನ್ನು ಎಳೆದ ಕೈಗಳಲ್ಲಿ ಒಂದು, ಸಾವಿರಾರು ಮೈಲಿ ದೂರದ ಒಂದು ಗಿರಣಿ ನಗರದ್ದು.

ಬರ್ಮಾದ ಕೊನೆಯ ಅಧ್ಯಾಯ ಚಿಕ್ಕದು, ಆದರೆ ಅದರಷ್ಟು ಬಿಚ್ಚಾಗಿ ಯಾವುದೂ ಇಲ್ಲ. 1863ರಲ್ಲಿ ಹುಟ್ಟಿದ ಬಾಂಬೆ ಬರ್ಮಾ ಟ್ರೇಡಿಂಗ್ ಕಾರ್ಪೊರೇಷನ್ ಅರಸ ತೀಬಾನ ಕಾಡಿನಲ್ಲಿ ಸಾಗುವಾನಿ ಕಡಿಯುತ್ತಿತ್ತು. ಕಡಿದ ದಿಮ್ಮಿಗಳಿಗೆ ಲೆಕ್ಕ ತೋರಿಸದೆ ಸುಂಕ ತಪ್ಪಿಸಿದೆ ಎಂದು 1885ರಲ್ಲಿ ಅರಸನ ಮಂತ್ರಿಪರಿಷತ್ತು ಸುಮಾರು 23 ಲಕ್ಷ ರೂಪಾಯಿ ದಂಡ ಹಾಕಿತು. ಫ್ರೆಂಚರು ಮಂಡಾಲೆಗೆ ಹತ್ತಿರವಾಗುತ್ತಿದ್ದಾರೆ ಎಂಬ ಭಯವೂ ಬ್ರಿಟಿಷರಿಗಿತ್ತು. ಅಕ್ಟೋಬರ್ 22ರಂದು ಅಂತಿಮ ಎಚ್ಚರಿಕೆ ಹೋಯಿತು: ಕಂಪನಿಯ ಮೇಲಿನ ಕ್ರಮ ನಿಲ್ಲಿಸಿ, ನಮ್ಮ ದೂತ ಬರುವವರೆಗೆ ಕಾಯಿರಿ, ನಿಮ್ಮ ವಿದೇಶ ವ್ಯವಹಾರವನ್ನು ಭಾರತ ಸರ್ಕಾರದ ಸಲಹೆಯಂತೆ ನಡೆಸಿರಿ. ನವೆಂಬರ್ ಮುಗಿಯುವುದರೊಳಗೆ ಮಂಡಾಲೆ ಬಿತ್ತು. 1886ರ ಜನವರಿ 1ರಂದು ಇಡೀ ದೇಶ ಬ್ರಿಟಿಷ್ ಇಂಡಿಯಾದ ಭಾಗವಾಯಿತು. ಅರಸ ತೀಬಾ ರತ್ನಗಿರಿಯಲ್ಲಿ ಸೆರೆಯಲ್ಲೇ 1916ರಲ್ಲಿ ತೀರಿಕೊಂಡ. ದಂಡ ಹಾಕಿಸಿಕೊಂಡ ಕಂಪನಿ ಇಂದಿಗೂ ನಮ್ಮ ಷೇರುಪೇಟೆಯಲ್ಲಿದೆ, ಭಾರತೀಯರ ಒಡೆತನದಲ್ಲಿ.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಇಂದಿನ ಒಪ್ಪಂದವನ್ನು ಓದಬೇಕು. ಮೊದಲು ನ್ಯಾಯವಾಗಿ ಹೇಳಬೇಕಾದದ್ದನ್ನು ಹೇಳುತ್ತೇನೆ: 2025ರ ಒಪ್ಪಂದ 1855ರ ಒಪ್ಪಂದವಲ್ಲ. ಬಂದರಿನಲ್ಲಿ ಯಾವ ಯುದ್ಧನೌಕೆಯೂ ನಿಂತಿರಲಿಲ್ಲ. ನಮ್ಮ ರಫ್ತಿನ ಶೇ 99ರಷ್ಟು ಸುಂಕದ ಸಾಲುಗಳಿಗೆ, ಅಂದರೆ ಸುಂಕಪಟ್ಟಿಯಲ್ಲಿ ಹೆಸರಿಸಿದ ಸರಕುಗಳಿಗೆ, ಬ್ರಿಟನ್ ಸುಂಕ ತೆಗೆಯುತ್ತಿದೆ. ಜವಳಿ, ಪಾದರಕ್ಷೆ, ಸಮುದ್ರ ಉತ್ಪನ್ನಗಳಿಗೆ ಅದು ದೊಡ್ಡ ಅನುಕೂಲ. ಚುನಾಯಿತ ಸರ್ಕಾರವೊಂದು ಕೊಟ್ಟು ತೆಗೆದುಕೊಂಡು ಮಾಡಿದ ವ್ಯವಹಾರ ಇದು. ಇದನ್ನು ದಿವಾನಿಗೆ ಹೋಲಿಸುವವರು 1770ರಲ್ಲಿ ಸತ್ತವರಿಗೆ ಅನ್ಯಾಯ ಮಾಡುತ್ತಾರೆ.

ಆದರೆ ಓದಬೇಕಾದ ಪುಟಗಳು ವಿಸ್ಕಿಯ ಪುಟಗಳಲ್ಲ. ಕೇಂದ್ರ ಸರ್ಕಾರದ ಖರೀದಿಯ ಒಂದು ಭಾಗಕ್ಕೆ ಬ್ರಿಟಿಷ್ ಕಂಪನಿಗಳೂ ಟೆಂಡರ್ ಹಾಕಬಹುದು. ನಮ್ಮ ಸಣ್ಣ ಕೈಗಾರಿಕೆಗಳನ್ನು ಬೆಳೆಸಲು ಸರ್ಕಾರದ ಕೈಯಲ್ಲಿದ್ದ ಒಂದು ಉಪಕರಣ ಅದು. ಬೌದ್ಧಿಕ ಆಸ್ತಿಯ ಅಧ್ಯಾಯದಲ್ಲಿ, ಔಷಧ ಜನರಿಗೆ ತಲುಪಲು ಪೇಟೆಂಟ್ ಒಡೆಯ ತಾನಾಗಿ ಕೊಡುವ ಸ್ವಯಂಪ್ರೇರಿತ ಲೈಸೆನ್ಸ್ ಹೆಚ್ಚು ಸೂಕ್ತ ಮಾರ್ಗ ಎಂಬ ಒಪ್ಪಿಗೆ ಇದೆ. 2012ರಲ್ಲಿ ಒಂದು ಕ್ಯಾನ್ಸರ್ ಔಷಧಕ್ಕೆ ಭಾರತ ಕಡ್ಡಾಯ ಲೈಸೆನ್ಸ್, ಅಂದರೆ ಪೇಟೆಂಟ್ ಒಡೆಯನ ಒಪ್ಪಿಗೆಯಿಲ್ಲದೆಯೂ ಬೇರೆಯವರು ತಯಾರಿಸುವ ಅನುಮತಿ, ಕೊಟ್ಟಾಗ ತಿಂಗಳಿಗೆ 2.8 ಲಕ್ಷ ರೂಪಾಯಿಯ ಚಿಕಿತ್ಸೆ 8,880 ರೂಪಾಯಿಗೆ ಇಳಿದಿತ್ತು. ಆ ಹಕ್ಕನ್ನು ಹೊಸ ವಾಕ್ಯ ಕಸಿದುಕೊಂಡಿಲ್ಲ. ಆದರೆ ಅದರ ಬಳಕೆಗೆ ಮುಜುಗರದ ಒಂದು ಬೇಲಿ ಹಾಕಿದೆ ಎಂಬ ಆತಂಕ ನನಗಿದೆ.

ಮತ್ತೆ, ಜಗಳವಾದರೆ ತೀರ್ಪು ಯಾರದ್ದು? ಬ್ರಿಟಿಷ್ ತೈಲ ಕಂಪನಿ ಕೇರ್ನ್ ಮೇಲೆ ಭಾರತ ಪೂರ್ವಾನ್ವಯವಾಗಿ ಹಾಕಿದ ತೆರಿಗೆ ತಪ್ಪಾಗಿತ್ತು ಎಂದೇ ನಾನು ನಂಬುತ್ತೇನೆ. ಆದರೂ 2020ರ ಡಿಸೆಂಬರಿನಲ್ಲಿ ಹೇಗ್‌ನ ಮಧ್ಯಸ್ಥಿಕೆ ಮಂಡಳಿ 120 ಕೋಟಿ ಡಾಲರ್ ಪರಿಹಾರ ಕೊಡಿ ಎಂದಿತು, ಮರುವರ್ಷ ಪ್ಯಾರಿಸ್‌ನಲ್ಲಿದ್ದ ಭಾರತ ಸರ್ಕಾರದ ಕಟ್ಟಡಗಳಿಗೆ ಮುಟ್ಟುಗೋಲು ಬಿತ್ತು. ಇದೇ ನೆಲದ ತೆರಿಗೆಯ ಬಗ್ಗೆ ಇಲ್ಲಿನ ವರ್ತಕನಿಗೆ ಸಿಗುವುದು ಇಲ್ಲಿನ ನ್ಯಾಯಾಲಯ ಮಾತ್ರ. ಹೊರಗಿನವನಿಗೆ ಇನ್ನೊಂದು ಬಾಗಿಲು. ಚೌಕಿಯ ಎರಡು ದೋಣಿಗಳು ನನಗೆ ನೆನಪಾಗುವುದು ಇಲ್ಲಿ. ಭಾರತ ಹಳೆಯ ಹೂಡಿಕೆ ಒಪ್ಪಂದಗಳನ್ನು ಬಹುಪಾಲು ರದ್ದು ಮಾಡಿ, 2016ರ ತನ್ನ ಮಾದರಿ ಒಪ್ಪಂದದಲ್ಲಿ ಮೊದಲು ಐದು ವರ್ಷ ನಮ್ಮ ನ್ಯಾಯಾಲಯದಲ್ಲೇ ಹೋರಾಡಬೇಕು ಎಂಬ ಷರತ್ತು ಹಾಕಿತು. ಬ್ರಿಟನ್ ಜತೆಗಿನ ಹೂಡಿಕೆ ಒಪ್ಪಂದವನ್ನು ವ್ಯಾಪಾರ ಒಪ್ಪಂದದಿಂದ ಬೇರೆಯಾಗಿಯೇ ಇಟ್ಟದ್ದು ಸರಿಯಾದ ಕ್ರಮ. ಆ ಐದು ವರ್ಷ ಎಷ್ಟಕ್ಕೆ ಇಳಿಯುತ್ತದೆ ಎಂಬುದರ ಮೇಲೆ, ಸ್ಕಾಚ್ ಬಾಟಲಿಯ ಬೆಲೆಗಿಂತ ಹೆಚ್ಚಾಗಿ, ನಮ್ಮ ಕಣ್ಣಿರಬೇಕು.

ಏಕೆಂದರೆ ಕೊಟ್ಟ ಕಲಮನ್ನು ಮರಳಿ ಪಡೆಯುವುದು ಎಷ್ಟು ದುಬಾರಿ ಎಂಬ ಲೆಕ್ಕ ನಮ್ಮ ಮುಂದಿದೆ. 1896ರಲ್ಲಿ ಇಂಗ್ಲೆಂಡಿನ ಬಟ್ಟೆ ಗಿರಣಿಗಳ ಸೀಮೆಯಾದ ಲ್ಯಾಂಕಾಷೈರ್‌ನ ಒತ್ತಡಕ್ಕೆ ಭಾರತದ ಗಿರಣಿ ಬಟ್ಟೆಯ ಮೇಲೆ ಶೇ 3.5ರ ಅಬಕಾರಿ ಸುಂಕ ಬಿತ್ತು. ವಿಲಾಯತಿ ಬಟ್ಟೆಯ ಆಮದು ಸುಂಕಕ್ಕೆ ಸರಿಸಮ ಮಾಡಲು ನಮ್ಮದೇ ಬಟ್ಟೆಗೆ ನಮ್ಮ ನೆಲದಲ್ಲಿ ತೆರಿಗೆ! ಅದನ್ನು ತೆಗೆಸಲು ಸುಮಾರು ಮೂವತ್ತು ವರ್ಷ ಬೇಕಾಯಿತು. ಚೀನಾದಲ್ಲಿ ಬ್ರಿಟಿಷ್ ಕಾನ್ಸಲ್ ನ್ಯಾಯಾಲಯ ಮುಚ್ಚಿದ್ದು 1943ರಲ್ಲಿ, ನೂರು ವರ್ಷದ ನಂತರ. ಸಯಾಮಿನ ಕಥೆ ಇನ್ನೂ ಕಹಿ. ತನ್ನ ನೆಲದಲ್ಲಿ ಬ್ರಿಟಿಷ್ ಪ್ರಜೆಗಳನ್ನು ತಾನೇ ವಿಚಾರಿಸುವ ಹಕ್ಕಿನ ಒಂದು ಭಾಗವನ್ನು ಮರಳಿ ಪಡೆಯಲು 1909ರಲ್ಲಿ ಅದು ಕೆಡಾ, ಕೆಲಂತಾನ್, ತೆರೆಂಗಾನು, ಪೆರ್ಲಿಸ್ ಎಂಬ ನಾಲ್ಕು ಮಲಯ ಸೀಮೆಗಳನ್ನು ಬ್ರಿಟನ್ನಿಗೆ ಬಿಟ್ಟುಕೊಟ್ಟಿತು; ಅವು ಇಂದು ಮಲೇಷ್ಯಾದಲ್ಲಿವೆ. 1920ರ ದಶಕದಲ್ಲಿ ಅದರ ಅಮೆರಿಕನ್ ಸಲಹೆಗಾರ ಫ್ರಾನ್ಸಿಸ್ ಸೇಯರ್ ಯುರೋಪಿನ ರಾಜಧಾನಿಯಿಂದ ರಾಜಧಾನಿಗೆ ಅಲೆದು ಒಂದೊಂದೇ ದೇಶವನ್ನು ಒಪ್ಪಿಸಿದ. ಬೌರಿಂಗ್ ತಿಂಗಳೊಳಗೆ ಬರೆಸಿಕೊಂಡು ಹೋದದ್ದರ ಕೊನೆಯ ಸಾಲು ಅಳಿಸಿಹೋದದ್ದು 1937ರಲ್ಲಿ.